ಕಿಂಡಿಗೆ ತುರುಕಿದ ಕೌದಿ

ಆರು ದಿನ ಗಿರಣಿಯ ಬಾಯ್ಲರಿನ ಮುಂದೆ ಬೆಂದವನಿಗೆ ಏಳನೆಯ ದಿನ ನಿದ್ದೆ ಬೇಕು, ಬೇರೇನೂ ಬೇಡ. ಆದರೆ ಕೈಯಲ್ಲಿ ಕಸಬಿದ್ದವನನ್ನು ಸೊಲ್ಲಾಪುರದ ಮಂದಿ ಮಲಗಲು ಬಿಟ್ಟಾರೆಯೇ? ಆ ಆಯಿತವಾರ ಬಸ್ಸು ಹಿಡಿದು ಅಕ್ಕಲಕೋಟಕ್ಕೆ, ಅವ್ವನ ಹತ್ತಿರ, ಹೋಗುವವನಿದ್ದೆ. ಬೆಳಗಾಗುವುದರೊಳಗೆ ಅರಿವೆ ಅಂಗಡಿಯ ಕಸ್ತೂರಬಾಯಿಯವರು ಹೇಳಿಕಳಿಸಿದರು. ಮುಂಬಯಿಯ ಅಳಿಯ ನೀರು ಕಾಯಿಸುವ ಗ್ಯಾಸಿನ ಬಂಬ ಕಳಿಸಿದ್ದಾನೆ, ಬಾಣಂತಿ ಮಗಳು ಸುಮಿತ್ರಾಗೆ ಇವತ್ತು ಅದರ ನೀರೇ ಆಗಬೇಕು, ಖಂಡೆಪ್ಪ ಬಂದು ಕೂಡಿಸಲಿ, ಅಂತ.

ಐವತ್ತೆಂಟನೆಯ ಇಸವಿಯಲ್ಲಿ ನಮ್ಮ ಕಡೆ ಗ್ಯಾಸು ಕಂಡವರೇ ಕಡಿಮೆ. ಬೈದುಕೊಳ್ಳುತ್ತಲೇ ಹೋದೆ. ಹೋದ ಮೇಲೆ ಮಾತ್ರ ಕೆಲಸ ಕೆಡಿಸಲಿಲ್ಲ. ನಳದ ನೀರು ಮೊದಲು ಬಿಟ್ಟು ಪೈಪಿನ ತುಕ್ಕು ತೊಳೆದೆ. ಪೈಪಿನ ತಿರುಪಿನ ಹಲ್ಲುಗಳಿಗೆ ಸಣಬಿನ ನಾರು ಸುತ್ತಿ, ಸೋರದಂತೆ ಬಿಳಿ ಸಫೇದಾ ಬಳಿದು, ನೀರಿನ ಪೈಪು ಬಿಗಿದೆ. ಗ್ಯಾಸಿನ ಪೈಪು ಕೂಡಿಸಿದ ಕಡೆಯೆಲ್ಲ ಸಾಬೂನಿನ ನೊರೆ ಹಚ್ಚಿ ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಸುಟ್ಟ ಗಾಳಿ ಹೊರಗೆ ಹೋಗಲು ಬಚ್ಚಲದ ಗೋಡೆ ಕೊರೆದು ತಗಡಿನ ಕೊಳವೆ ಹಿತ್ತಲಿಗೆ ಹಾಯಿಸಿದೆ. ಹೊಸ ಗಾಳಿ ಒಳಗೆ ಬರಲು ನೆಲದ ಹತ್ತಿರ ಒಂದು ಕಿಂಡಿ ತೆಗೆದೆ.

ಕಿಂಡಿ ಕಂಡದ್ದೇ ಕಸ್ತೂರಬಾಯಿಯವರ ಮುಖ ಸಣ್ಣದಾಯಿತು.

"ಏನ ಮಾಡಿದ್ಯೋ ಖಂಡೆಪ್ಪಾ! ಹಸಿ ಬಾಣಂತಿ ಅದಾಳ. ಗಾಳಿ ಹೊಕ್ಕರ ಗತಿ ಏನು?"

"ಕಿಂಡಿ ಮುಚ್ಚಬ್ಯಾಡ್ರಿ ಬಾಯಾರ. ಕೊಳವಿನೂ ಮುಚ್ಚಬ್ಯಾಡ್ರಿ."

"ಯಾಕ?"

ಯಾಕೆ ಅಂತ ಹೇಳಬಹುದಿತ್ತು. ಹೇಳಬೇಕಾದರೆ ನನ್ನ ಹೆಂಡತಿ ರಖಮಾಳ ಮಾತು ತೆಗೆಯಬೇಕಿತ್ತು.

ಹನ್ನೆರಡು ವರ್ಷದ ಹಿಂದೆ ಅವಳೂ ಹೀಗೇ ಬಾಣಂತಿ. ಗಾಳಿ ತಾಗಬಾರದೆಂದು ನಮ್ಮವ್ವ ಭಾಗಾಬಾಯಿ ಕೋಣೆಯ ಸಂದಿಸಂದಿಗೂ ಅರಿವೆ ಗಿಡಿದು, ಹೊರಸಿನ ಕೆಳಗೆ ಇದ್ದಲಿಯ ಕೆಂಡ ಇಟ್ಟು ಬಾಗಿಲು ಹಾಕಿದ್ದಳು. ಕೂಸು ಹೊರಗೆ ಅಜ್ಜಿಯ ತೊಡೆಯ ಮೇಲಿತ್ತು, ಉಳಿಯಿತು. ರಖಮಾ ಮಲಗಿದವಳು ಏಳಲಿಲ್ಲ. ಗಾಳಿ ಹೊಕ್ಕಿತು ಅಂದರು ಊರವರು. ನಾನೂ ನಂಬಿದ್ದೆ. ನಾಕು ವರ್ಷದ ಕೆಳಗೆ ಗಿರಣಿಯ ಮುಚ್ಚಿದ ಭಟ್ಟಿಯೊಳಗೆ ಇಬ್ಬರು ಎಚ್ಚರ ತಪ್ಪಿ ಬಿದ್ದಾಗ ಸಾಹೇಬರು ಬಿಡಿಸಿ ಹೇಳಿದರು. ಬೆಂಕಿಗೂ ಉಸಿರು ಬೇಕು, ಸಿಗದಿದ್ದರೆ ಅದು ವಿಷ ಕಾರುತ್ತದೆ, ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅವತ್ತು ನನಗೆ ರಖಮಾ ಎರಡನೆಯ ಸಲ ಸತ್ತಳು. ಆ ಮಾತನ್ನು ಯಾರ ಮುಂದೂ ಆಡಿಲ್ಲ. ಆಡಿದರೆ ನಮ್ಮವ್ವನೇ ಕೊಂದಳು ಅಂದ ಹಾಗೆ.

"ಮುಚ್ಚಬಾರ್ದು ಅಂದರ ಮುಚ್ಚಬಾರ್ದು, ಅಷ್ಟರಿ," ಅಂದು ಚೀಲ ಹೆಗಲಿಗೆ ಹಾಕಿದೆ. ಬಳಲಿದ ಬಾಯಿಗೆ ಅಷ್ಟೇ ಸಾಕೆನಿಸಿತು. ಹೊರಡುವಾಗ ಬಾಣಂತಿಗೆ ನೀರು ಹಾಕುವ ತುಳಜಾಬಾಯಿ ಕಟ್ಟೆಯ ಮೇಲೆ ಕೂತು, ತನ್ನ ಗಂಡನನ್ನು ಬೈಯುತ್ತ, ಹಳೆಯ ಕೌದಿ ಹರಿಯುತ್ತಿದ್ದಳು. ಕೂಸಿನ ಲಂಗೋಟಿಗಿರಬೇಕು ಅಂದುಕೊಂಡೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಣ್ಣು ಮುಚ್ಚಿದೆ. ಕಂಡಕ್ಟರ್ ಗಂಟೆ ಬಾರಿಸುವಷ್ಟರಲ್ಲಿ ಕೌದಿ ಕಣ್ಣ ಮುಂದೆ ಬಂತು. ದಪ್ಪ ಕೌದಿ ಹರಿದು ಯಾರಾದರೂ ಲಂಗೋಟಿ ಮಾಡುತ್ತಾರೆಯೇ?

ನಿಲ್ಲಿಸು ಅಂತ ಕೂಗಿ ಇಳಿದೆ. ಕಾಲು ಎತ್ತಿಡಲಾಗದವನು ಅವತ್ತು ಹೇಗೆ ಓಡಿದೆನೋ ದೇವರೇ ಬಲ್ಲ.

ಹಿತ್ತಲಿಗೆ ಬಂದಾಗ ಏಣಿ ಗೋಡೆಗೆ ಹಚ್ಚಿತ್ತು. ತಗಡಿನ ಕೊಳವೆಯ ಬಾಯಿಗೂ ಕೆಳಗಿನ ಕಿಂಡಿಗೂ ಕೌದಿಯ ತುಂಡು ಗಟ್ಟಿಯಾಗಿ ತುರುಕಿತ್ತು. ಒಳಗೆ ಹೋದರೆ ಪಡಸಾಲೆಯಲ್ಲಿ ಕಸ್ತೂರಬಾಯಿಯವರು, ತೊಡೆಯ ಮೇಲೆ ಕೂಸು.

"ಏ, ನಿಂದ್ರೋ! ಮಗಳು ಎರಕೊಳ್ಳಾಕತ್ತಾಳ. ಗಂಡಸರು ಆ ಕಡಿ ಹೋಗಬಾರ್ದು."

ಬಚ್ಚಲದಲ್ಲಿ ನೀರು ಸುರಿಯುವ ಸಪ್ಪಳವಿತ್ತು, ಮಾತಿರಲಿಲ್ಲ. ತುಳಜಾಬಾಯಿ ಬಾಯಿ ಮುಚ್ಚಿದ್ದನ್ನು ಈ ಓಣಿ ಯಾವತ್ತೂ ಕಂಡಿಲ್ಲ. ಬಾಗಿಲಿಗೆ ಒದ್ದೆ, ಚಿಲಕ ಕಿತ್ತು ಬಂತು. ತುಳಜಾಬಾಯಿ ಗೋಡೆಗೆ ಒರಗಿ ಕಣ್ಣು ತೇಲಿಸುತ್ತಿದ್ದಳು. ಸುಮಿತ್ರಾ ಮಣೆಯಿಂದ ಜಾರಿ ಬಿದ್ದಿದ್ದಳು. ಉಸಿರು ಬಿಗಿಹಿಡಿದು ಗ್ಯಾಸಿನ ಚಾವಿ ತಿರುವಿದೆ, ಕೈಗೆ ಸಿಕ್ಕ ಸೀರೆ ಅವಳ ಮೇಲೆ ಹಾಕಿ ಹಿತ್ತಲಿಗೆ ಹೊತ್ತು ತಂದೆ. ತಿರುಗಿ ಹೋಗಿ ತುಳಜಾಬಾಯಿಯನ್ನು ಎಳೆದು ತಂದೆ. ಗಾಳಿ ತಾಗಿದ್ದೇ ಅವಳು ಕೆಮ್ಮಿ ಕಣ್ಣು ತೆರೆದಳು.

ಕಸ್ತೂರಬಾಯಿಯವರು ನನ್ನ ಬೆನ್ನಿಗೆ ಗುದ್ದುತ್ತಿದ್ದರು. "ಬಾಣಂತಿ ಮೈ ಮುಟ್ಟಿದೀ! ಬಯಲಗಾಳಿಗಿ ಹಾಕಿದೀ! ಕೊಂದ್ಯಲ್ಲೋ!" ಗುದ್ದಲಿ ಅಂತ ಬಿಟ್ಟೆ. ಸುಮಿತ್ರಾಳ ಎದೆ ಏರುವುದನ್ನು ನೋಡುತ್ತ ಕೂತೆ. ಬಹಳ ಹೊತ್ತಿನ ಮೇಲೆ ಅವಳು ವಾಂತಿ ಮಾಡಿದಳು, ಕಣ್ಣು ಬಿಟ್ಟಳು, "ಕೂಸೆಲ್ಲಿ?" ಅಂದಳು. ನನಗೆ ಅಳು ತಡೆಯಲಾಗಲಿಲ್ಲ.

ಆಗ ನಾನು ಹೇಳಿದೆ, ಸಾಹೇಬರು ಹೇಳಿದ್ದನ್ನೆಲ್ಲ. ಕಸ್ತೂರಬಾಯಿಯವರು ತಲೆಗೆ ಕೈ ಹಚ್ಚಿ ಕೂತರು.

"ಇದನ್ನ ಮುಂಜಾನೆನ ಯಾಕ ಹೇಳಲಿಲ್ಲೋ ನನಗ?"

ಎದ್ದು ಏಣಿ ಹತ್ತಿ ಕೊಳವೆಯ ಬಾಯಿಂದ ಕೌದಿ ಕಿತ್ತೆ.

ಅಕ್ಕಲಕೋಟ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅವ್ವನಿಗೆ ಈಗ ಕಣ್ಣು ಮಂಜು. ತಡ ಯಾಕಾಯಿತು ಅಂತ ಕೇಳಿದಳು. ಹಾದಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದೆ, ಇವತ್ತು ಹೇಳಿಬಿಡಬೇಕು ಅಂತ. ಒಬ್ಬ ಬಾಣಂತಿ ಬಚ್ಚಲದಲ್ಲಿ ಎಚ್ಚರ ತಪ್ಪಿದಳು, ಉಳಿದಳು ಅಂದೆ. ಅಲ್ಲಿಗೇ ಮಾತು ಬಿಟ್ಟು ಅಂಗಿ ಕಳಚಿ ಗೂಟಕ್ಕೆ ಹಾಕಿದೆ.

ಅವ್ವ ಗೋಡೆ ತಡವುತ್ತ ಬಂದು ನನ್ನ ಪಕ್ಕ ಕೂತಳು. ಆಮೇಲೆ ಕೇಳಿದಳು.

"ಖಂಡೂ, ಹನ್ನೆರಡು ವರ್ಷ ಆತು, ಒಂದ ಮಾತು ಕೊರಿತೈತಿ. ರಖಮಾನ ಕೋಣ್ಯಾಗ ನಾ ಎಲ್ಲೋ ಒಂದು ಸಂದಿ ಬಿಟ್ಟಿದ್ನೇನೋ. ಅದಕ್ಕ ಗಾಳಿ ಹೊಕ್ಕಿತೇನೋ."

ಅವಳ ಕೈ ಹಿಡಿದುಕೊಂಡೆ.

"ಇಲ್ಲವ್ವಾ," ಅಂದೆ. "ನೀ ಒಂದೂ ಸಂದಿ ಬಿಟ್ಟಿದ್ದಿಲ್ಲ."

"ಖರೇನಾ?"

"ಖರೇ."

ಅವ್ವ ನಿಟ್ಟುಸಿರು ಬಿಟ್ಟು, ಉಣ್ಣು ಏಳು ಅಂದಳು.