ರೋಜಕ್ಕ ತಂದ ಇಂಗು

ಲಂಡನ್ನಿನ ಈಸ್ಟ್ ಹ್ಯಾಮಿನ ಹೈಸ್ಟ್ರೀಟಿನಿಂದ ಒಳಕ್ಕೆ ತಿರುಗುವ ಬೀದಿಯಲ್ಲಿ ಪ್ರಫುಲ್ಲಾ ಮತ್ತು ಅವಳ ಗಂಡ ಕರುಣಾಕರ ನಡೆಸುವ ಹೋಟೆಲಿದೆ. ಒಂಬತ್ತೇ ಮೇಜು. ಇಬ್ಬರೂ ಕುಂದಾಪುರದ ಕಡೆಯವರು. ಅಡುಗೆಮನೆ ಕರುಣಾಕರನದು, ಗಿರಾಕಿಗಳನ್ನು ನೋಡಿಕೊಳ್ಳುವುದು, ಸಾಮಾನು ತರುವುದು ಪ್ರಫುಲ್ಲಾಳ ಪಾಲು.

ಸಾಮಾನು ಮಾರಲು ಬರುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹಿಂದೊಬ್ಬ ಬೆಣ್ಣೆಯಂಥ ಮಾತಿನವನು ಬಂದು ಇಡ್ಲಿ ಅಕ್ಕಿಯ ಮಾದರಿ ಕೊಟ್ಟು ಹೋಗಿದ್ದ. ಮಾದರಿ ಚೆನ್ನಾಗಿಯೇ ಇತ್ತು. ಮೂಟೆಗಳು ಬಂದಾಗ ನೋಡಿದರೆ ಅರ್ಧಕ್ಕರ್ಧ ನುಚ್ಚು. ಇನ್ನೂರು ಜನರ ಸೀಮಂತದೂಟಕ್ಕೆ ಮಾಡಿದ ಇಡ್ಲಿ ಬಿಲ್ಲೆಯ ಹಾಗೆ ಚಪ್ಪಟೆಯಾಗಿ, ಮನೆಯವರ ಮುಂದೆ ಪ್ರಫುಲ್ಲಾ ತಲೆ ಎತ್ತಲಾರದಂತಾಗಿತ್ತು. ಅಂದಿನಿಂದ ಅವಳು ವಾರಕ್ಕೆರಡು ಸಲ ತಾನೇ ಕಾರು ಹೊಡೆದುಕೊಂಡು ಹೋಗಿ, ತಾನೇ ಮೂಟೆ ಎಳೆದು ತರುತ್ತಿದ್ದಳು. ಭುಜ ನೋಯುತ್ತಿತ್ತು. ಆದರೂ ಯಾರನ್ನೂ ನಂಬುವ ಗೊಡವೆಗೆ ಹೋಗಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ, ಊಟದ ಗಡಿಬಿಡಿ ಮುಗಿದು ಮೂರು ಗಂಟೆಯಾಗಿದ್ದಾಗ ಒಬ್ಬ ಹೆಂಗಸು ಒಳಗೆ ಬಂದಳು. ಐವತ್ತು ದಾಟಿದ ವಯಸ್ಸು, ಕತ್ತಿನಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ಲಂಡನ್ನಿನ ಪಶ್ಚಿಮದಂಚಿನ ಗ್ರೀನ್‌ಫರ್ಡಿನ ಸಗಟು ಗೋಡೌನೊಂದರ ಹೆಸರಿದ್ದ ಚೀಲ. ಚೀಲ ಕಂಡದ್ದೇ ಪ್ರಫುಲ್ಲಾಳ ಮುಖ ಗಂಟಾಯಿತು.

"ನಮಗ್ ಎಂತದೂ ಬ್ಯಾಡ. ಸಾಮಾನೆಲ್ಲ ನಾನೇ ಹೋಯಿ ತತ್ತೆ."

"ಮಾರ್ಲಿಕ್ಕೆ ಬಂದದ್ದು ಹೌದು," ಎಂದಳು ಆಕೆ, ಕುರ್ಚಿ ಎಳೆದುಕೊಳ್ಳುತ್ತ. "ಆದ್ರೆ ಈಗ ಹಸಿವೆ ಆಗ್ತಾ ಉಂಟು. ಮೊದ್ಲು ಒಂದು ಮಸಾಲೆದೋಸೆ ಕೊಡಿ, ಬೈಯುದು ಆಮೇಲೆ ಬೈಯಿರಿ."

ಆಕೆಯ ಹೆಸರು ರೋಜ್. ಊರು ಶಿರ್ವ. ಲಂಡನ್ನಿಗೆ ಬಂದು ಇಪ್ಪತ್ತು ವರ್ಷ. ಬಹುಕಾಲ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು, ಈಗ ಎರಡು ವರ್ಷದಿಂದ ಈ ಮಾರಾಟದ ಕೆಲಸ. ದೋಸೆಯನ್ನು ನಿಧಾನವಾಗಿ ತಿಂದು, ಯಾವ ಉದ್ದಿನಬೇಳೆ ಹಾಕುತ್ತೀರಿ ಎಂದು ಕೇಳಿ, ಒಂದು ಹಿಡಿ ತರಿಸಿ ಅಂಗೈಯಲ್ಲಿ ಹರಡಿ ನೋಡಿದಳು.

"ಇದಕ್ಕಿಂತ ಒಳ್ಳೆ ಬೇಳೆ ನನ್ನತ್ರ ಇಲ್ಲ. ಇದನ್ನು ಬದಲಾಯಿಸ್ಬೇಡಿ."

ಅಷ್ಟು ಹೇಳಿ, ದೋಸೆಯ ದುಡ್ಡು ಕೊಟ್ಟು ಹೊರಟೇಹೋದಳು. ಬೈಯಬೇಕೆಂದುಕೊಂಡಿದ್ದ ಪ್ರಫುಲ್ಲಾಳಿಗೆ ಬೈಯಲು ಏನೂ ಉಳಿದಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ ರೋಜ್ ಬರತೊಡಗಿದಳು. ಯಾವಾಗಲೂ ಮೂರು ಗಂಟೆಗೇ. ಹೋಟೆಲಿನವರಿಗೆ ಉಸಿರಾಡಲು ಬಿಡುವಿರುವ ಹೊತ್ತು ಯಾವುದೆಂದು ಅವಳಿಗೆ ಗೊತ್ತಿತ್ತು. ಒಮ್ಮೆ ಪ್ರಫುಲ್ಲಾಳೇ ತಡೆಯಲಾರದೆ, ನಿಮ್ಮ ಅಕ್ಕಿ ನೀರ್‌ದೋಸೆಗೆ ಆಗುತ್ತದೆಯೇ ಎಂದು ಕೇಳಿದಳು.

"ಆಗುದಿಲ್ಲ. ಕಾವಲಿಗೆ ಅಂಟ್ತದೆ. ಮೂಲೆ ಅಂಗಡಿಯವರು ಒಂದು ಸೋನಾ ಮಸೂರಿ ಇಟ್ಟಿದ್ದಾರೆ, ಅದು ಒಳ್ಳೆದುಂಟು. ಅಲ್ಲಿ ತಗೊಳ್ಳಿ."

ತನ್ನ ಗಿರಾಕಿಯನ್ನು ತಾನೇ ಇನ್ನೊಬ್ಬರ ಅಂಗಡಿಗೆ ಕಳಿಸುವ ಮಾರಾಟದವಳನ್ನು ಪ್ರಫುಲ್ಲಾ ಕಂಡದ್ದು ಅದೇ ಮೊದಲು. ರಾತ್ರಿ ಗಂಡನಿಗೆ ಹೇಳಿದಾಗ ಕರುಣಾಕರ ನಕ್ಕ. "ಅದ್ ಹೊಸ ನಮೂನಿ ಉಪಾಯ ಆಯಿಕ್ಕ್."

ಇರಬಹುದು ಎಂದು ಅವಳಿಗೂ ಅನಿಸಿತು. ಆದರೂ ಮುಂದಿನ ತಿಂಗಳು ಮೊದಲ ಸಲ ಆರ್ಡರು ಕೊಟ್ಟಳು: ಬ್ಯಾಡಗಿ ಮೆಣಸು, ಹುಣಸೆಹಣ್ಣು, ಇಂಗು. ಇಂಗಿನ ಮಾತು ಬಂದಾಗ ಪ್ರಫುಲ್ಲಾ ಒಂದು ವಿಷಯ ಒತ್ತಿ ಹೇಳಿದಳು. ಸಟನ್ನಿನಿಂದ ತಿಂಗಳಿಗೊಮ್ಮೆ ಬರುವ ನರ್ಸ್ ವಿಜೇತಾ ಎಂಬವಳ ಮಗಳು ಸೃಷ್ಟಿಗೆ ಗೋಧಿ ಒಗ್ಗುವುದಿಲ್ಲ. ಚೂರು ಹೊಟ್ಟೆಗೆ ಹೋದರೂ ನಾಲ್ಕೈದು ದಿನ ಹಾಸಿಗೆ ಹಿಡಿಯುತ್ತಾಳೆ. ಹೊರಗೆ ಅವಳು ಧೈರ್ಯವಾಗಿ ತಿನ್ನುವ ತಿಂಡಿಯೆಂದರೆ ಇಲ್ಲಿಯ ಇಡ್ಲಿ ಸಾಂಬಾರು ಒಂದೇ.

"ಇಂಗಿನೊಳ್ಗೆ ಗೋಧಿಹಿಟ್ಟ್ ಇಪ್ಪುಕಾಗ, ರೋಜಕ್ಕ. ಕೆಲವ್ರ್ ಬೆರ್ಸ್ತ್ರ್."

"ನಮ್ಮದರಲ್ಲಿ ಅಕ್ಕಿಹಿಟ್ಟು ಮಾತ್ರ. ನಾನು ನೋಡಿಯೇ ಹೇಳುದು."

ನೋಡಿಯೇ ಹೇಳಿದ್ದಳು. ಒಂದು ವರ್ಷ ಹಾಗೇ ನಡೆಯಿತು. ಬುಧವಾರ ಎಂದರೆ ಬುಧವಾರ ಸಾಮಾನು ಬಂತು. ತಡವಾಗುವುದಿದ್ದರೆ ಹಿಂದಿನ ದಿನವೇ ಫೋನು ಬಂತು. ಒಮ್ಮೆ ಹುಣಸೆಹಣ್ಣಿನಲ್ಲಿ ಬೀಜ ಹೆಚ್ಚಿದೆಯೆಂದು ಇವರು ಹೇಳುವ ಮೊದಲೇ ಅವಳೇ ಹೇಳಿ ಬದಲಾಯಿಸಿ ಕೊಟ್ಟಳು. "ಉಪಾಯ" ಎಂದಿದ್ದ ಕರುಣಾಕರ ಈಗ ಅವಳ ದೋಸೆಗೆ ಕೇಳದೆಯೇ ಬೆಣ್ಣೆ ಹಾಕುತ್ತಿದ್ದ.

ಸೃಷ್ಟಿಗೆ ಹನ್ನೆರಡು ತುಂಬುವ ಶನಿವಾರ ಬಂತು. ಹುಟ್ಟುಹಬ್ಬದ ಊಟ ಇಲ್ಲೇ ಆಗಬೇಕೆಂದು ಹುಡುಗಿ ಹಟ ಹಿಡಿದಿದ್ದಳಂತೆ. ಒಂದು ಗಂಟೆಗೆ ಹದಿನಾಲ್ಕು ಜನ. ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಇಬ್ಬರಿಗೂ ಮೈಯ ಪರಿವೆ ಇರಲಿಲ್ಲ; ಪ್ರಫುಲ್ಲಾಳ ಫೋನು ಗಲ್ಲಾದ ಡ್ರಾಯರಿನೊಳಗೆ ಗುರ್‌ಗುಟ್ಟುತ್ತಲೇ ಇತ್ತು.

ಹತ್ತೂವರೆಗೆ ಯಾರೋ ಗಾಜಿನ ಬಾಗಿಲನ್ನು ದಬದಬ ಬಡಿದರು. ನೋಡಿದರೆ ರೋಜಕ್ಕ. ಕೂದಲು ಕೆದರಿತ್ತು, ಕೋಟಿನ ಗುಂಡಿ ಮೇಲುಕೆಳಗಾಗಿತ್ತು, ಮೆಟ್ಟಿಲು ಹತ್ತಿ ಓಡಿಬಂದವಳ ಹಾಗೆ ಏದುತ್ತಿದ್ದಳು.

"ಪ್ರಫುಲ್ಲಾ, ಬುಧವಾರ ಕೊಟ್ಟ ಇಂಗು ಉಪಯೋಗ ಮಾಡಿದ್ರಾ?"

ಒಳಗಿನಿಂದ ಕರುಣಾಕರ ಕೂಗಿದ. "ಹಳೆ ಡಬ್ಬಿ ನಿನ್ನೆ ಮುಗೀತ್. ಹೊಸ್ದ್ ಇವತ್ತ್ ಬೆಳಿಗ್ಗೆ ಒಡ್ದೆ. ಸಾಂಬಾರ್ ಆಯ್ತ್, ಎರಡ್ ಹಂಡೆ."

ರೋಜಕ್ಕ ಅಡುಗೆಮನೆಯ ಬಾಗಿಲಿಗೆ ಹೋದಳು. "ಅದರಲ್ಲಿ ಗೋಧಿ ಉಂಟು."

ಆದದ್ದಿಷ್ಟು. ಇಂಗು ಕಟ್ಟುವ ಕಂಪನಿ ಹಿಟ್ಟು ಬದಲಾಯಿಸಿತ್ತು. ಅದೇ ಹಳದಿ ಡಬ್ಬಿ, ಅದೇ ಮುಚ್ಚಳ. ಹಿಂದುಗಡೆ ಪಟ್ಟಿಯಲ್ಲಿ ಒಂದು ಪದ ಮಾತ್ರ ಬೇರೆ. ರೋಜಕ್ಕ ತನ್ನ ಮನೆಗೂ ಅದೇ ಇಂಗು ಒಯ್ದಿದ್ದಳು. ರಜೆಯ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕಲು ಡಬ್ಬಿ ಎತ್ತಿಕೊಂಡಾಗ, ಯಾಕೋ ಏನೋ, ತಿರುಗಿಸಿ ಓದಿದಳು. ಓದಿ ಮ್ಯಾನೇಜರಿಗೆ ಫೋನು ಮಾಡಿದರೆ ಅವನು, ಡಬ್ಬಿಯ ಮೇಲೆ ಬರೆದಿದೆಯಲ್ಲ, ಕಾನೂನಿನ ಪ್ರಕಾರ ನಮ್ಮದೇನೂ ತಪ್ಪಿಲ್ಲ, ಸೋಮವಾರ ಎಲ್ಲರಿಗೂ ಈಮೇಲ್ ಕಳಿಸೋಣ ಎಂದ. ಪ್ರಫುಲ್ಲಾಳಿಗೆ ಏಳು ಸಲ ಫೋನು ಮಾಡಿದಳು. ಎತ್ತಲಿಲ್ಲ. ವ್ಯಾನು ಗೋಡೌನಿನಲ್ಲಿತ್ತು. ಟ್ಯೂಬ್ ರೈಲು ಹತ್ತಿ, ಮೈಲ್ ಎಂಡಿನಲ್ಲಿ ಬದಲಾಯಿಸಿ, ಈಸ್ಟ್ ಹ್ಯಾಮಿಗೆ ಬಂದಳು.

ಪ್ರಫುಲ್ಲಾಳಿಗೆ ಎಲ್ಲಿಂದಲೋ ಸಿಟ್ಟು ಉಕ್ಕಿ ಬಂತು. "ನೀವೂ ಆ ಅಕ್ಕಿಯವ್ನ ಹಾಂಗೇ ಅಲ್ದಾ ರೋಜಕ್ಕ! ಆ ಹೆಣ್ಣಿಗ್ ಎಂತಾರೂ ಆಯಿದ್ರೆ? ಆ ತಾಯಿ-ಮಗಳ ಮುಖ ಹ್ಯಾಂಗ್ ಕಾಂಬುದ್ ನಾನ್?"

ರೋಜಕ್ಕ ಕಂಪನಿಯನ್ನು ದೂರಲಿಲ್ಲ, ಮ್ಯಾನೇಜರನನ್ನೂ ದೂರಲಿಲ್ಲ.

"ತಪ್ಪು ನನ್ನದೇ. ಪ್ರತಿಸಲ ಓದುವವಳು ಈ ಸಲ ಓದ್ಲಿಲ್ಲ. ಗೋಧಿ ಇಲ್ಲ ಅಂತ ನಿಮಗೆ ಡಬ್ಬಿ ಹೇಳ್ಲಿಲ್ಲ, ನಾನು ಹೇಳಿದ್ದು." ಕೋಟು ಕಳಚಿ ಕುರ್ಚಿಗೆ ಹಾಕಿದಳು. "ಆಮೇಲೆ ಬೈಯಿರಿ, ನಾನು ಎಲ್ಲಿಗೂ ಹೋಗುದಿಲ್ಲ. ಈಗ ಆ ಸಾಂಬಾರು ಚೆಲ್ಲುವ. ಏಪ್ರನ್ ಎಲ್ಲುಂಟು?"

ಕರುಣಾಕರ ಎರಡೂ ಹಂಡೆ ಎತ್ತಿ ಚೆಲ್ಲಿದ. ರೋಜಕ್ಕ ಹಂಡೆ, ಸೌಟು, ಒಗ್ಗರಣೆ ಬಾಣಲೆ ಎಲ್ಲವನ್ನೂ ಬಿಸಿನೀರಿನಲ್ಲಿ ಎರಡೆರಡು ಸಲ ಉಜ್ಜಿ ತೊಳೆದಳು. ಒಲೆಯ ಪಕ್ಕದ ಕಟ್ಟೆ ಒರೆಸಿದಳು. ಶಾಲೆಯ ಅಡುಗೆಮನೆಯಲ್ಲಿ ಕಲಿತ ಕೈ. ಒಂದು ಬಟ್ಟೆಯಿಂದ ಎರಡು ಜಾಗ ಒರೆಸಲಿಲ್ಲ. ಆಮೇಲೆ ಕಟ್ಟೆಯ ಮುಂದೆ ತಳವೂರಿ ನಿಂತು ಕುಂಬಳಕಾಯಿ ಹೆಚ್ಚತೊಡಗಿದಳು. ಮಧ್ಯೆ ಮಧ್ಯೆ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಅದೇ ಇಂಗು ಹೋಗಿದ್ದ ಬೇರೆ ಹೋಟೆಲುಗಳಿಗೆ ಮಾತಾಡುತ್ತಿದ್ದಳು. ಪ್ರತಿಯೊಬ್ಬರಿಗೂ ಅದೇ ಮಾತು: ತಪ್ಪು ನನ್ನದು, ಆ ಡಬ್ಬಿ ಪಕ್ಕಕ್ಕಿಡಿ. ಆ ಕಡೆಯಿಂದ ಯಾರೋ ಜೋರಾಗಿ ಕೂಗಾಡುವುದು ಪ್ರಫುಲ್ಲಾಳಿಗೂ ಕೇಳಿಸಿತು. ರೋಜಕ್ಕ ಪೂರ್ತಿ ಕೇಳಿಸಿಕೊಂಡು, "ನೀವು ಹೇಳುದು ಸರಿ," ಎಂದು ಮುಂದಿನ ನಂಬರು ಒತ್ತಿದಳು.

ಪ್ರಫುಲ್ಲಾಳ ಸಿಟ್ಟು ಯಾವಾಗ ಇಳಿಯಿತೋ ಅವಳಿಗೇ ತಿಳಿಯಲಿಲ್ಲ. ರೋಜಕ್ಕ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹುಡುಗಿಗೆ ಕಾಯಿಲೆಯಾಗಿದ್ದರೂ ಬೈಸಿಕೊಳ್ಳುತ್ತಿದ್ದವರು ತಾವೇ; ಗ್ರೀನ್‌ಫರ್ಡಿನವರೆಗೆ ಸುದ್ದಿ ಹೋಗುತ್ತಲೇ ಇರಲಿಲ್ಲ. ಹಾಗಿದ್ದೂ ಈ ಹೆಂಗಸು ತನ್ನ ತಪ್ಪನ್ನು ತಾನೇ ಕೈಯಲ್ಲಿ ಹಿಡಿದುಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಬಂದಿದ್ದಳು.

ಹನ್ನೆರಡೂಮುಕ್ಕಾಲಿಗೆ ಇಂಗಿಲ್ಲದ ಸಾಂಬಾರು ಕುದಿಯಿತು.

"ವಿಜೇತಾಗ್ ಎಂತದೂ ಹೇಳುದ್ ಬ್ಯಾಡ," ಎಂದ ಕರುಣಾಕರ. "ಹೊಸ ಸಾಂಬಾರಂಗ್ ಗೋಧಿ ಇಲ್ಲ ಅಲ್ದಾ? ಹುಟ್ಟುಹಬ್ಬದ ದಿನ ಹೆದ್ರಿಸುದ್ ಎಂತಕೆ?"

ಎರಡು ಗಂಟೆ ಮೊದಲಾಗಿದ್ದರೆ ಪ್ರಫುಲ್ಲಾಳೂ ಅದನ್ನೇ ಹೇಳುತ್ತಿದ್ದಳು. ಈಗ ಅವಳು ಕೈ ಒರೆಸಿಕೊಂಡು ಬಾಗಿಲಿಗೇ ಹೋಗಿ ನಿಂತಳು. ವಿಜೇತಾ ಮಗಳ ಕೈಹಿಡಿದು ಬಂದದ್ದೇ, ಕೂರುವ ಮೊದಲೇ, ಬೆಳಗಿನಿಂದ ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

ವಿಜೇತಾ ಡಬ್ಬಿ ಕೇಳಿ ಓದಿದಳು. ಪಾತ್ರೆ ಹೇಗೆ ತೊಳೆದಿರಿ, ಇಡ್ಲಿ ತಟ್ಟೆ ಎಲ್ಲಿತ್ತು, ಚಟ್ನಿಗೆ ಒಗ್ಗರಣೆ ಯಾವುದರಲ್ಲಿ ಹಾಕಿದಿರಿ ಎಂದು ಒಂದೊಂದಾಗಿ ವಿಚಾರಿಸಿದಳು. ರೋಜಕ್ಕ ಮುಂದೆ ಬಂದು ಎಲ್ಲಕ್ಕೂ ಉತ್ತರ ಕೊಟ್ಟಳು; ಇಡ್ಲಿಗಾಗಲಿ ಚಟ್ನಿಗಾಗಲಿ ಆ ಇಂಗು ಸೋಕಿರಲಿಲ್ಲ.

"ಸರಿ. ಇವತ್ತು ಇವಳಿಗೆ ಸಾಂಬಾರ್ ಬೇಡ. ಇಡ್ಲಿ, ಕಾಯಿಚಟ್ನಿ ಸಾಕು," ಎಂದಳು ವಿಜೇತಾ ಕೊನೆಗೆ. "ಆಂಟಿ, ನೀವು ಹೇಳ್ದೇ ಇದ್ದು ಆಮೇಲೆ ನಂಗೆ ಗೊತ್ತಾಗಿದ್ರೆ, ಇನ್ಯಾವತ್ತೂ ಈ ಕಡೆ ಬರ್ತಿರ್ಲಿಲ್ಲ."

"ಇಟ್ಸ್ ಓಕೆ, ಆಂಟಿ," ಎಂದಳು ಸೃಷ್ಟಿ. "ಐ ಲೈಕ್ ದ ಚಟ್ನಿ ಮೋರ್ ಎನಿವೇ."

ಊಟ ನಡೆಯಿತು. ಕೇಕು ಮನೆಯಿಂದಲೇ ತಂದಿದ್ದರು. ಹುಡುಗಿ ಆರು ಇಡ್ಲಿ ತಿಂದಳು.

ರೋಜಕ್ಕ ಮಾತ್ರ ಊಟಕ್ಕೆ ನಿಲ್ಲಲಿಲ್ಲ. ಇಬ್ಬರು ಗಿರಾಕಿಗಳು ಫೋನು ಎತ್ತಿರಲಿಲ್ಲ. ಒಬ್ಬರು ಸೌತಾಲಿನಲ್ಲಿ, ಇನ್ನೊಬ್ಬರು ಹೌನ್ಸ್‌ಲೋದಲ್ಲಿ. ಪ್ರಫುಲ್ಲಾ ಒತ್ತಾಯ ಮಾಡಿ ಎರಡು ಇಡ್ಲಿ ಕಟ್ಟಿಕೊಟ್ಟಾಗ ಅದನ್ನು ಚೀಲಕ್ಕೆ ತುರುಕಿಕೊಂಡು ಸ್ಟೇಷನ್ನಿನ ಕಡೆ ದಡದಡನೆ ನಡೆದಳು. ಬಾಗಿಲಲ್ಲಿ ನಿಂತ ಪ್ರಫುಲ್ಲಾ ಅವಳು ಜನರ ನಡುವೆ ಮರೆಯಾಗುವವರೆಗೂ ನೋಡಿದಳು.

ಎರಡೇ ದಿನದಲ್ಲಿ, ಫೋನಿನಲ್ಲಿ ಕೂಗಾಡಿದವರೂ ಸೇರಿ, ರೋಜಕ್ಕನ ಇಬ್ಬರು ಗಿರಾಕಿಗಳು ಅವಳನ್ನು ಬಿಟ್ಟರು. ಮ್ಯಾನೇಜರನಿಂದ ಬೈಗುಳವೂ ಸಿಕ್ಕಿತಂತೆ. ಇದನ್ನೆಲ್ಲ ಅವಳು ದೂರಿನ ಹಾಗೆ ಹೇಳಲಿಲ್ಲ. ಪ್ರಫುಲ್ಲಾ ಸೋಮವಾರ ಫೋನು ಮಾಡಿ ಕೆದಕಿ ಕೇಳಿದ್ದಕ್ಕೆ ಹೇಳಿದಳು.

"ಆಯ್ತ್, ಬರ್ಕಣಿ," ಎಂದಳು ಪ್ರಫುಲ್ಲಾ. "ಇನ್ ಮೇಲೆ ನಮ್ಮ ಅಕ್ಕಿ, ಬೇಳೆ, ಎಣ್ಣೆ ಎಲ್ಲ ನೀವೇ ತರ್ಕ್."

ಆ ಕಡೆ ರೋಜಕ್ಕ ಪೆನ್ನು ಹುಡುಕುವ ಸದ್ದು ಕೇಳಿಸಿತು. "ಅಕ್ಕಿ, ಎಣ್ಣೆ ಕೊಡ್ತೇನೆ. ಬೇಳೆ ಮಾತ್ರ ಈಗ ಬೇಡ ಮಾರಾಯ್ತಿ. ನೀವು ಹಾಕುವಂಥದ್ದು ನಮ್ಮಲ್ಲಿ ಇನ್ನೂ ಬರ್ಲಿಲ್ಲ."

ಪ್ರಫುಲ್ಲಾ ನಕ್ಕಳು. ಬುಧವಾರ ವ್ಯಾನು ಬಂತು. ರೋಜಕ್ಕ ಹೊಸ ಇಂಗಿನ ಡಬ್ಬಿಯನ್ನು ಮೊದಲು ಇಳಿಸಿ, ತಿರುಗಿಸಿ, ಅವಳ ಕೈಗೆ ಕೊಟ್ಟಳು. "ನಾನು ಓದಿದ್ದೇನೆ. ನೀವೂ ಒಮ್ಮೆ ಓದಿ."

ಬೀದಿಯ ಬೆಳಕಿನಲ್ಲಿ ಪ್ರಫುಲ್ಲಾ ಕನ್ನಡಕ ಹಾಕಿಕೊಂಡು, ಒಂದೊಂದೇ ಪದ ಗಟ್ಟಿಯಾಗಿ ಓದಿದಳು. ರೋಜಕ್ಕ ಅಕ್ಕಿಮೂಟೆಗೆ ಕೈಯಾನಿಸಿ ನಿಂತು, ಪೂರ್ತಿ ಮುಗಿಯುವವರೆಗೆ ಕಾದಳು.