ಹಾಲುಪುಡಿ ಡಬ್ಬಿಗಳ ಗೋಪುರ

ಗೋಪುರದಿಂದ ಪೇಶಾನ್ ಕಿತ್ತ ಡಬ್ಬಿ ಕೈಗೆ ತೀರಾ ಹಗುರವಾಗಿ ಬಂತು. ಮುಚ್ಚಳ ತೆಗೆದಳು. ಖಾಲಿ. ಇನ್ನೊಂದನ್ನು ಕಿತ್ತಳು, ಅದೂ ಖಾಲಿ. ಹಿಂದೆ ಬರೀ ರಟ್ಟು.

ಅಮ್ಮನ ಶವಪೆಟ್ಟಿಗೆಯ ಎರಡೂ ಬದಿಗೆ ಆಳೆತ್ತರ ಮೀರಿ ನಿಂತಿದ್ದ ಈ ಹಾಲುಪುಡಿ ಡಬ್ಬಿಗಳ ಗೋಪುರಗಳನ್ನು ಬೆಳಿಗ್ಗೆಯಿಂದ ಚಿಯಾಯಿ ಊರಿನ ಬಂಧುಬಳಗವೆಲ್ಲ ಕತ್ತೆತ್ತಿ ನೋಡಿ ಹೊಗಳಿತ್ತು. ಪೂಜೆ ಮುಗಿದ ಮೇಲೆ ಡಬ್ಬಿಗಳೆಲ್ಲ ಅಮ್ಮನ ಹೆಸರಲ್ಲಿ ಅನಾಥ ಮಕ್ಕಳ ಮನೆಗೆ ಹೋಗಬೇಕಿತ್ತು. ಅಲ್ಲಿ ಕೆಲಸ ಮಾಡುವ ವಾನ್‌ಲಿಂಗ್ ವ್ಯಾನು ತಂದು ಚಪ್ಪರದ ಮುಂದೆ ಕಾಯುತ್ತಿದ್ದಳು.

"ಮಾವ, ಏನಿದು?"

ಹೊಕ್‌ಸೆಂಗ್ ಅಮ್ಮನ ತಮ್ಮ. ಹೆಂಗಸು ಸತ್ತ ಮನೆಯಲ್ಲಿ ತವರಿನವನ ಮಾತೇ ಮಾತು. ಅವನು ಹೂಂ ಅನ್ನದೆ ಪೆಟ್ಟಿಗೆಗೆ ಮೊಳೆ ಕೂಡ ಹೊಡೆಯುವಂತಿಲ್ಲ. ಗೋಪುರ ತರಿಸಿದ್ದೂ ಅವನೇ.

"ಬಾಡಿಗೇದು ಕಣೇ. ಈಗೆಲ್ಲ ಹಂಗೇ. ನಾಳೆ ಇನ್ಯಾರದೋ ಮನೆಗೆ ಹೋಗುತ್ತೆ."

"ಮಕ್ಕಳಿಗೆ ಕೊಡೋಕೆ ಅಂತ ಹೇಳಿದ್ನಲ್ಲ!"

"ತುಂಬಿದ ಡಬ್ಬೀಲಿ ಕಟ್ಟಿಸಿದ್ರೆ ಸೊಂಟದ ಮಟ್ಟಕ್ಕೂ ಬರ್ತಿರ್ಲಿಲ್ಲ. ನಮ್ಮಕ್ಕನಿಗೆ ಅಷ್ಟು ಗಿಡ್ಡಂದಾ? ಊರು ನಗಲ್ವಾ?"

"ಈಗ ಆ ಮಕ್ಕಳು ಏನು, ರಟ್ಟು ಕಲಸ್ಕೊಂಡು ಕುಡೀಬೇಕಾ?"

"ಮೆಲ್ಲಗೆ ಮಾತಾಡೇ. ಮುಂದಿನ ತಿಂಗಳು ಏನಾದ್ರೂ ಕಳಿಸಿದ್ರಾಯ್ತು."

ಮಾವನ ಮುಂದಿನ ತಿಂಗಳುಗಳನ್ನು ಅವಳು ಬುದ್ಧಿ ಬಂದಾಗಿನಿಂದ ನೋಡಿದ್ದಳು.

*

ಅಮ್ಮ, ಗ್ಯೋಕ್‌ಹಾ, ಸಂತೆಬೀದಿಯಲ್ಲಿ ಬೆಳಗಿನ ಸೋಯಾಹಾಲು ಮಾರುತ್ತಿದ್ದವಳು. ಗಿರಾಕಿಗಳು ಎಷ್ಟೇ ಗೊಣಗಲಿ, ಮೊದಲ ಹಂಡೆ ಮಕ್ಕಳ ಮನೆಗೆ ಹೋಗಲೇಬೇಕು.

"ಉಳಿದಿದ್ದು ಕೊಡಮ್ಮ, ಸಾಕು," ಎಂದಿದ್ದಳು ಪೇಶಾನ್ ಒಮ್ಮೆ.

"ನಿಂಗೆ ಯಾವತ್ತಾದ್ರೂ ಉಳಿದಿದ್ದು ಹಾಕಿದೀನಾ?" ಎಂದು ಅಮ್ಮ ಸೌಟು ತೋರಿಸಿದ್ದಳು.

ಆಸ್ಪತ್ರೆಯಲ್ಲಿ ಅವಳು ಕೇಳಿದ್ದು ಒಂದೇ. "ಹೂವಿಗೆ ದುಡ್ಡು ಹಾಳು ಮಾಡ್ಬೇಡ. ಮಕ್ಕಳಿಗೆ ಹಾಲುಪುಡಿ ಕೊಟ್ಬಿಡು. ನನ್ನ ಸುಡೋ ಮುಂಚೆ ಕೊಡು. ಆಮೇಲೆ ಅಂದ್ರೆ ನಿಮ್ಮ ಮಾವ ಮೂಗು ತೂರಿಸ್ತಾನೆ."

*

ಶವದ ಗಾಡಿ ಹಾರ್ನ್ ಹೊಡೆಯಿತು. ಪುರೋಹಿತರು ಇಟ್ಟುಕೊಟ್ಟ ಗಳಿಗೆ ಹತ್ತಿರವಾಗಿತ್ತು.

"ಪೇಶಾನಕ್ಕ, ಡಬ್ಬಿಗಳನ್ನ ಈಗಲೇ ವ್ಯಾನಿಗೆ ಏರಿಸ್ಲಾ?" ಎಂದು ವಾನ್‌ಲಿಂಗ್ ವ್ಯಾನಿನ ಬಾಗಿಲು ತೆಗೆದಳು.

ಪೇಶಾನ್ ರಸ್ತೆ ದಾಟಿ ಎದುರಿನ ದಿನಸಿ ಅಂಗಡಿಗೆ ಓಡಿದಳು.

"ಅಲ್ಲೇ ನಿಲ್ಲಮ್ಮ!" ಅಂಗಡಿಯ ಮುದುಕಿ ಎರಡೂ ಕೈ ಅಡ್ಡ ಹಿಡಿದಳು. "ಸೂತಕದ ಬಟ್ಟೇಲಿ ಹೊಸ್ತಿಲು ದಾಟ್ತಾರಾ ಯಾರಾದ್ರೂ?"

"ಹಾಲುಪುಡಿ ಬೇಕು ಅಜ್ಜಿ. ಇರೋದನ್ನೆಲ್ಲ ಕೊಡಿ."

"ಅಟ್ಟದ ಮೇಲಿದೆ. ನನ್ನ ಮಂಡಿ ನೋವು ನಿಂಗೆ ಗೊತ್ತೇ ಇದೆ. ಯಾರನ್ನಾದ್ರೂ ಕಳಿಸು."

ಕಳಿಸುವುದಾದರೂ ಯಾರನ್ನು? ಮನೆಯವರೆಲ್ಲ ಸೂತಕದ ಬಟ್ಟೆಯಲ್ಲೇ ಇದ್ದರು. ವಾನ್‌ಲಿಂಗ್ ಇದ್ದಳು, ಆದರೆ ಅಮ್ಮ ಕೊಡುವುದನ್ನು ತೆಗೆದುಕೊಳ್ಳುವವಳ ಕೈಯಲ್ಲೇ ಹೊರಿಸಲು ಮನಸ್ಸು ಒಪ್ಪಲಿಲ್ಲ. ಪೇಶಾನಳ ಕೈ ಸೂತಕದ ನಿಲುವಂಗಿಯ ಮೇಲೆ ಸೊಂಟಕ್ಕೆ ಕಟ್ಟಿದ್ದ ಹುರಿಯ ಗಂಟಿಗೆ ಹೋಯಿತು.

"ಏಯ್! ಸುಡೋ ಮುಂಚೆ ಅದನ್ನ ಬಿಚ್ಚಿದ್ರೆ ನೀನು ಮಗಳೇ ಅಲ್ಲ!" ರಸ್ತೆಯಾಚೆಯಿಂದ ಮಾವ ಕೂಗಿದ. "ಗಳಿಗೆ ಮೀರ್ತಿದೆ!"

"ಮೀರ್ಲಿ! ಗಾಡಿ ನಿಲ್ಸಿ ಮಾವ. ಅಮ್ಮ ಕಾಯ್ತಾಳೆ."

ಗಂಟು ಬಿಚ್ಚಿತು.

ಅಂಗಡಿಯೊಳಗೆ ಮುದುಕಿ ಬೈಯುತ್ತಲೇ ಏಣಿಯ ಬುಡ ಹಿಡಿದಿದ್ದಳು. ಮೇಲೆ, ಅಟ್ಟದ ಅಂಚಿನಲ್ಲಿ ಪೇಶಾನಳ ಬರಿಗಾಲುಗಳಷ್ಟೇ ಕಾಣುತ್ತಿದ್ದವು. ಹೊರಗೆ ಯಾರದೋ ಸ್ಕೂಟರಿನ ಸೀಟಿನ ಮೇಲೆ ಅವಳ ಗೋಣಿನಾರಿನ ಸೂತಕದ ಮುಸುಕೂ ನಿಲುವಂಗಿಯೂ ಬಿದ್ದಿದ್ದವು. ಅವನ್ನು ಮುಟ್ಟಲೂ ಆಗದೆ, ಬಿಟ್ಟು ಹೋಗಲೂ ಆಗದೆ, ಊರೆಲ್ಲ ನೋಡುತ್ತಿರುವಾಗಲೇ ಮಾವ ಬಿಸಿಲಲ್ಲಿ ನಿಂತಿದ್ದ.