ಒಂದು ಪುಟ್ಟಿ ಎರೆಮಣ್ಣು

“ನಿಲ್ಲಸ್ರೋ! ಎಲ್ಲಾ ಕಲಸಿ ಇಟ್ಟೀರಲ್ಲ, ನಿಮ್ಮ ಕೈ ಸೇದಿಹೋಗ್ಲಿ!”

ಸಾಬವ್ವ ಕೂಗಿದ್ದಕ್ಕೆ ಭೀಮು ಸಲಿಕೆ ಹಿಡಿದು ಕುಣಿಯೊಳಗೇ ನಿಂತ. ಅವನ ಮಾವ, ಸಾಬವ್ವನ ಗಂಡ ಅವ್ವಣ್ಣನ ಹೆಣ ಬೇವಿನ ನೆರಳಿನಲ್ಲಿತ್ತು.

“ಏನಾತ ಅತ್ತಿ?”

“ಏನಾತಂತ! ಇದರಾಗ ಕರಿ ಎರಿ ಯಾವುದು, ಕಲ್ಲಗರಸು ಯಾವುದು? ಹಿಂಗ ಮುಚ್ಚಿದ್ರ ನಿಮ್ಮ ಮಾವನ ಮ್ಯಾಲೆ ಒಂದ ಹುಲ್ಲುಕಡ್ಡಿ ಹುಟ್ಟತದೇನು?”

ಮರಾಠಿ ಸೀಮೆಯ ಮೋಶಿಯ ಕಲ್ಲಿನ ಖಣಿಗಳಿಂದ ಬಂದ ಹದಿನೈದು ಜನ ಮುಂಜಾನೆ ಬರಿ ಚಹಾ ಕುಡಿದು ಬಿಸಿಲಲ್ಲಿ ಕೂತಿದ್ದರು. ಹಿರಿಯ ಸಂಕಪ್ಪ ನಿಟ್ಟುಸಿರಿಟ್ಟ.

“ಹೊತ್ತಾತು ತಂಗಿ. ಸತ್ತವಗ ಎರಿಯೇನು, ಗರಸೇನು? ಮುಗಸೂಣು.”

“ನಿಮಗ ಒಂದ ಇರಬಹುದು. ಅಂವಗ ಇರಲಿಲ್ಲ,” ಎಂದವಳೇ ಸಾಬವ್ವ ಗುಡ್ಡೆಯ ಮುಂದೆ ಕುಕ್ಕರಿಸಿ, ಕರಿ ಹೆಂಟೆಗಳನ್ನು ಬರಿಗೈಯಲ್ಲಿ ಆರಿಸತೊಡಗಿದಳು.

*

ಹನ್ನೊಂದು ವರ್ಷದ ಹಿಂದೆ, ತೊಂಬತ್ತೈದನೇ ಇಸವಿಯಲ್ಲಿ, ಹೊಲದೊಡತಿ ಸಕ್ಕುಬಾಯಿ ಈ ಎರಡೆಕರೆಯನ್ನು ಕಲ್ಲು ತೆಗೆಯಲು ಕೊಟ್ಟಾಗ ಒಂದೇ ಷರತ್ತು ಹಾಕಿದ್ದಳು: ಕಲ್ಲು ಮುಗಿದ ಮೇಲೆ ಗುಂಡಿ ಮುಚ್ಚಿ, ನನ್ನ ಮಣ್ಣು ನನಗೆ ಹಾಕಿಕೊಡಬೇಕು. ಕಲ್ಲು ಒಡೆಯುವವರೆಲ್ಲ ತಲೆಯಾಡಿಸಿದರು. ಮನಸ್ಸಿಗೆ ಹಚ್ಚಿಕೊಂಡವನು ಅವ್ವಣ್ಣ ಒಬ್ಬನೇ. ಮಗ್ಗುಲ ಖಣಿಯಲ್ಲಿ ಮೇಲಿನದು ಕೆಳಗಿನದು ಎಲ್ಲ ಕೂಡಿಸಿ ನೂಕಿದ್ದರು. ಅಲ್ಲಿ ಕತ್ತೆ ಮೇಯಲಿಕ್ಕೂ ಏನೂ ಹುಟ್ಟಿರಲಿಲ್ಲ. ಅದನ್ನು ಅವನು ಕಣ್ಣಾರೆ ಕಂಡಿದ್ದ.

ಮೇಲಿನ ಮೊಳದಷ್ಟು ಎರೆಮಣ್ಣನ್ನು ಕೆರೆದು ಒಂದು ಕಡೆ ಒಟ್ಟಿಸಿದ, ಕೆಳಗಿನ ಗರಸನ್ನು ಇನ್ನೊಂದು ಕಡೆ. ಮಳೆಗೆ ಕೊಚ್ಚಿಹೋಗದಿರಲೆಂದು ಎರೆಗುಡ್ಡೆಯ ಮೇಲೆ ಹುರುಳಿ ಚೆಲ್ಲಿದ. ಹಿಂಜವಾಡಿಯ ಹೊಸ ಫ್ಲ್ಯಾಟುಗಳ ತೋಟಕ್ಕೆಂದು ಮಣ್ಣು ಕೇಳಿಕೊಂಡು ಟ್ರಕ್ಕಿನವರು ಬಂದರೆ ಕಲ್ಲು ಹಿಡಿದು ನಿಲ್ಲುತ್ತಿದ್ದ.

ಅವರ ತಗಡಿನ ಶೆಡ್ಡು ಬಂಡೆಯ ಮೇಲಿತ್ತು. ಸಾಬವ್ವ ಒಡೆದ ಕೊಡವೊಂದನ್ನು ಬಾಗಿಲಲ್ಲಿ ಇಟ್ಟುಕೊಂಡು ಕೇಳಿದ್ದಳು. “ಒಂದ ಪುಟ್ಟಿ ಎರಿ ತಂದ್ರ ಏನ ಗಂಟ ಹೋಗ್ತದ? ನಾಕ ಕಾಳ ಮೆಂತ್ಯ ಹಾಕ್ತೀನಿ.”

“ಅದು ಸಕ್ಕುಬಾಯಿ ಮಣ್ಣ.”

“ಹಂಗಾರ ಆ ಮಣ್ಣಿನ ಕೂಡನ ಸಂಸಾರ ಮಾಡ ಹೋಗು!”

ಕೊಡ ಹಾಗೇ ಖಾಲಿ ಉಳಿಯಿತು.

ಎಂಟು ವರ್ಷಕ್ಕೆ ಕಲ್ಲು ಮುಗಿಯಿತು. ಗುಂಡಿಗೆ ಒಡಕು ಕಲ್ಲು, ಅದರ ಮೇಲೆ ಗರಸು, ಕೊನೆಗೆ ಎರೆ. ಅಷ್ಟರಲ್ಲಿ ಕಲ್ಲಿನ ಧೂಳು ಅವ್ವಣ್ಣನ ಎದೆ ತಿಂದಿತ್ತು. ಕೆಮ್ಮುತ್ತ ಕೆಮ್ಮುತ್ತಲೇ ತಲೆಯ ಮೇಲೆ ಮಣ್ಣಿನ ಪುಟ್ಟಿ ಹೊತ್ತ. ಹೊಲದಲ್ಲಿ ಜೋಳ ಎದೆಮಟ ಬಂದಾಗ ಬದುವಿನ ಮೇಲೆ ಕೂತು ನೋಡುತ್ತಿದ್ದ. ಅವನು ಸತ್ತ ಸುದ್ದಿ ಕೇಳಿ ಈ ಮೂಲೆ ತೋರಿಸಿದವಳು ಸಕ್ಕುಬಾಯಿಯೇ.

*

ಮೊದಲು ಎದ್ದವನು ಸಂಕಪ್ಪ. “ಸತ್ತ ಮ್ಯಾಲೂ ದುಡಸ್ತಾನ ನೋಡ್ರಿ, ಭಾಡ್ಯಾ,” ಎಂದು ಕಣ್ಣೊರೆಸಿಕೊಂಡು ಸಾಬವ್ವನ ಪಕ್ಕ ಕೂತ. ಭೀಮು ಬಂದ. ಸಾಲಾಗಿ ಎಲ್ಲರೂ ಬಂದರು. ಬರಿಗೈಯಲ್ಲೇ ಆರಿಸಿದರು. ನೆರಳು ಬೇವಿನ ಆಚೆ ಮಗ್ಗುಲಿಗೆ ಸರಿಯುವ ಹೊತ್ತಿಗೆ ಎರಡು ಗುಡ್ಡೆಗಳಾದವು.

ಅವ್ವಣ್ಣನನ್ನು ಇಳಿಸಿದರು. ಮೊದಲು ಗರಸು ಎಳೆದರು, ಮೇಲೆ ಎರೆ ಹರವಿ ಸಮ ಮಾಡಿದರು. ಮಿಕ್ಕ ಗರಸು ಬದುವಿಗೆ ಹೋಯಿತು. ಎರೆ ಒಂದು ಪುಟ್ಟಿಯಷ್ಟು ಉಳಿಯಿತು.

ಬದುವಿನ ಮೇಲೆ ನಿಂತಿದ್ದ ಸಕ್ಕುಬಾಯಿ ಬಂದು, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ತಾನೇ ಅದನ್ನು ಪುಟ್ಟಿಗೆ ತುಂಬಿ ಸಾಬವ್ವನ ಮುಂದೆ ಹಿಡಿದಳು.

“ಘೆವೂನ್ ಜಾ, ಸಾಬವ್ವಾ.”

ತೆಗೆದುಕೊಂಡು ಹೋಗೆಂಬ ಮರಾಠಿಯ ಆ ಮಾತು ಸಾಬವ್ವನಿಗೆ ತಿಳಿಯದ್ದೇನಲ್ಲ. ಪುಟ್ಟಿಯನ್ನು ಸೊಂಟಕ್ಕೇರಿಸಿ ಶೆಡ್ಡಿನ ದಾರಿ ಹಿಡಿದಳು. ಆ ಒಡೆದ ಕೊಡ ಇನ್ನೂ ಬಾಗಿಲಲ್ಲೇ ಇತ್ತು. ಹತ್ತು ಹೆಜ್ಜೆ ಹೋದವಳು ನಿಂತಳು. ಗೊಳೋ ಎಂದು ಅತ್ತಳು. ಅಳುತ್ತಲೇ ತಿರುಗಿ ಬಂದಳು.

“ಬ್ಯಾಡ್ರಿ ಬಾಯಿ. ಒಯ್ದ್ರ ಅಂವ ಬೈತಾನ.”

ಮಣ್ಣನ್ನು ಹೊಲದ ಮೇಲೆ ಸುರಿದು ಅಂಗೈಯಿಂದ ತೆಳ್ಳಗೆ ಹರವಿದಳು. ಪುಟ್ಟಿಯನ್ನು ಬೋರಲು ಮಾಡಿ, ಕಡೆಯ ಮಣ್ಣೂ ಉದುರಲೆಂದು ಗಂಡ ಬಡಿಯುತ್ತಿದ್ದ ಹಾಗೆ, ಎರಡು ಸಲ ಬಡಿದಳು. ಆಮೇಲೆ ಸೀರೆಯ ನೆರಿಗೆಯಲ್ಲಿ ಸಿಕ್ಕ ಮಣ್ಣನ್ನೂ ಅಲ್ಲೇ ಝಾಡಿಸಿದಳು.